ಬೂದುಗುಂಬಳ ಒಡೆದ ಚುನಾವಣೆ

ಆಗೆಲ್ಲ ನಮಗೆ ಪೆಟ್ಟು ಅಂದರೆ ಊಟ ತಿಂಡಿಯ ಹಾಗೆ, ದಿನಾ ಇದ್ದದ್ದೇ. ಶಾಲೆಯಲ್ಲಿ ಟೀಚರ್ ಹೊಡೆಯುತ್ತಿದ್ದರು, ಮನೆಯಲ್ಲಿ ಅಪ್ಪ ಹೊಡೆಯುತ್ತಿದ್ದರು, ಸಂಜೆ ಆಟಕ್ಕಿಳಿದರೆ ನಾವೇ ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಿದ್ದೆವು. ತೊಂಬತ್ತರ ದಶಕದ ನಡುವಿನ ಸಿಂಗಪುರ. ಅಲ್ಲಿ ಬೆಳೆದ ನನ್ನ ಓರಗೆಯವರಿಗೆ, ಕಿರಾಣಿ ಅಂಗಡಿಯ ಬಾಗಿಲಲ್ಲಿ ಕೊಡೆಗಳ ಪಕ್ಕ ಕಟ್ಟು ಕಟ್ಟಾಗಿ ತೂಗುತ್ತಿದ್ದ ಸಣ್ಣ ಬೆತ್ತಗಳ ನೆನಪಿರಬಹುದು. ತುದಿಗೆ ಕೆಂಪು, ನೀಲಿ, ಹಳದಿ ಪ್ಲಾಸ್ಟಿಕ್ ಹಿಡಿಕೆ. ನಮ್ಮ ಮನೆಯ ಬೆತ್ತ ಹಳದಿಯದು, ಫ್ರಿಜ್ಜಿನ ಮೇಲೆ ಮಲಗಿರುತ್ತಿತ್ತು. ಅಂಗಡಿಯಲ್ಲಿ ಆ ಬಣ್ಣ ಆರಿಸಿದವಳು ನಾನೇ. ಅದೇನು ಬುದ್ಧಿಯೋ.

ನಾವಿದ್ದದ್ದು ಕಲ್ಲಾಂಗ್‌ನಲ್ಲಿ, ಎಂಟು ಮಹಡಿಯ ಎರಡು ಬ್ಲಾಕ್‌ಗಳ ಒಂದು ಹಳೆಯ ಕಾಂಡೊದಲ್ಲಿ, ಅಂದರೆ ಖಾಸಗಿ ಫ್ಲಾಟುಗಳ ಸಮುಚ್ಚಯದಲ್ಲಿ. ಹೆಸರಿಗೆ ಕಾಂಡೊ, ಈಜುಕೊಳ ಇಲ್ಲ, ಲಿಫ್ಟ್ ಯಾವಾಗ ನಿಲ್ಲುತ್ತದೋ ಅದಕ್ಕೇ ಗೊತ್ತಿರಲಿಲ್ಲ. ಹತ್ತಿರದಲ್ಲೇ ಒಂದು ಬಿಸ್ಕತ್ತು ಕಾರ್ಖಾನೆ ಇತ್ತು. ಬೆಳಿಗ್ಗೆ ಬೆಣ್ಣೆ ಸಕ್ಕರೆ ಕರಗಿದ ಪರಿಮಳ ಬರುತ್ತಿತ್ತು, ಗಾಳಿ ತಿರುಗಿದರೆ ಹೊಳೆಯ ಕೆಸರಿನ ವಾಸನೆ. ಸ್ಟೇಡಿಯಮ್ಮಿನಲ್ಲಿ ಫುಟ್‌ಬಾಲ್ ಇದ್ದ ಸಂಜೆ ಜನರ ಕೂಗು ನಮ್ಮ ಅಡುಗೆಮನೆಯ ಕಿಟಕಿಗೆ ಬಂದು ಬಡಿಯುತ್ತಿತ್ತು. ಬ್ಲಾಕ್‌ಗಳ ಹಿಂದೆ ಒಂದು ಹುಲ್ಲಿನ ಜಾಗ, ಅದರ ಅಂಚಿಗೆ ಒಂದು ಮೋರಿ. ನಮ್ಮ ಬಾಲ್ಯವೆಲ್ಲ ನಡೆದದ್ದು ಆ ಹುಲ್ಲಿನ ಮೇಲೆ.

ಅಲ್ಲಿ ನಾವು ಆಡುತ್ತಿದ್ದ ಆಟ ಹಂತಮ್ ಬೋಲಾ. ಹಂತಮ್ ಅಂದರೆ ಮಲಯ್ ಭಾಷೆಯಲ್ಲಿ ಬಾರಿಸುವುದು, ಬೋಲಾ ಅಂದರೆ ಚೆಂಡು. ಹಳೆಯ ಟೆನಿಸ್ ಚೆಂಡನ್ನು ಮೋರಿಯ ನೀರಿನಲ್ಲಿ ಅದ್ದಿ, ಕೈಗೆ ಸಿಕ್ಕವರಿಗೆ ಬೀಸಿ ಬಾರಿಸಬೇಕು. ಪೆಟ್ಟು ತಿಂದವರು ಅದೇ ಚೆಂಡನ್ನೆತ್ತಿ ಇನ್ನೊಬ್ಬರಿಗೆ ಬಾರಿಸಬೇಕು. ಸೋಲು ಗೆಲುವು ಏನೂ ಇಲ್ಲ. ಕತ್ತಲಾಗುವಾಗ ಎಲ್ಲರ ಬೆನ್ನ ಮೇಲೂ ದುಂಡನೆಯ ಕೆಂಪು ಗುರುತುಗಳು, ಅಂಗಿಯ ತುಂಬ ಮೋರಿಯ ನಾತ. ಎಲ್ಲರಿಗಿಂತ ಜೋರಾಗಿ ಬಾರಿಸುತ್ತಿದ್ದವಳು ಹುಯ್ ಮಿನ್. ಎಡಗೈಯವಳು. ಅವಳ ಕೈಯಿಂದ ಹೊರಟ ಚೆಂಡು ತಪ್ಪಿದ್ದೇ ಕಡಿಮೆ. ಬಾರಿಸಿ, ನಾನು ಬಗ್ಗಿ ಉಸಿರು ಹಿಡಿಯುವಷ್ಟರಲ್ಲಿ ಓಡಿ ಬಂದು ನನ್ನ ಬೆನ್ನು ಉಜ್ಜುತ್ತಿದ್ದಳು.

"ಪೇನ್ ಆ?" ಎಂದು ಕೇಳುತ್ತಿದ್ದಳು.

"ನೋ ಲಾ" ಎನ್ನುತ್ತಿದ್ದೆ, ಕಣ್ಣಲ್ಲಿ ನೀರು ತುಂಬಿಕೊಂಡೇ. ಲಾ ಅಂದರೆ ಏನೂ ಅಲ್ಲ, ಗುರುತಿನವರ ಹತ್ತಿರ ಮಾತಿನ ಕೊನೆಗೆ ಸಲಿಗೆಯಿಂದ ಅಂಟಿಸುವ ಅಲ್ಲಿನ ಬಾಲ.

ನನಗಿದ್ದ ಒಬ್ಬಳೇ ಗೆಳತಿ ಅವಳು. ಅವಳಿಗೂ ಹಾಗೆಯೇ ಇದ್ದಿರಬೇಕು.

ಹುಯ್ ಮಿನ್‌ಳ ಅಪ್ಪ ಲಿಮ್ ಅಂಕಲ್‌ಗೆ ಹಾರ್ಡ್‌ವೇರ್ ಅಂಗಡಿ ಇತ್ತು, ಒಂದು ಸಣ್ಣ ಲಾರಿಯೂ ಇತ್ತು. ನನ್ನ ಅಪ್ಪ ಸದಾನಂದ, ಕುಂದಾಪುರದ ಕಡೆಯವರು, ಹಡಗುಕಟ್ಟೆಯಲ್ಲಿ ಎಂಜಿನಿಯರ್. ಆನಂದ ಇದ್ದದ್ದು ಹೆಸರಿನಲ್ಲಿ ಮಾತ್ರ, ಸಿಟ್ಟು ಮೂಗಿನ ತುದಿಯಲ್ಲೇ. ಲಿಮ್ ಅಂಕಲ್ ಕೂಡ ಅದೇ ಜಾತಿಯ ಮನುಷ್ಯ. ಅದಕ್ಕೇ ಇಬ್ಬರಿಗೂ ಚೆನ್ನಾಗಿ ಕೂಡಿಬಂದಿತ್ತು ಅಂತ ಕಾಣುತ್ತದೆ. ಭಾನುವಾರ ಇಬ್ಬರೂ ಹೊಳೆಬದಿಯಲ್ಲಿ ಗಾಳ ಹಾಕಿ ಕೂರುತ್ತಿದ್ದರು. ಹಿಡಿದ ಮೀನಿನಲ್ಲಿ ಅರ್ಧ ನಮ್ಮ ಮನೆಗೆ, ಅಮ್ಮ ತೆಂಗಿನಕಾಯಿ ಅರೆದು ಮಾಡಿದ ಮೀನಿನ ಗಸಿಯಲ್ಲಿ ಅರ್ಧ ಅವರ ಮನೆಗೆ. ಲಿಮ್ ಅಂಕಲ್‌ನ ತಾಯಿಯನ್ನು ನಾವೆಲ್ಲ ಆಮಾ ಎಂದು ಕರೆಯುತ್ತಿದ್ದೆವು. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಮ್ಮಮ್ಮನಿಗೆ ಚೀನೀ ಭಾಷೆ ಬರುತ್ತಿರಲಿಲ್ಲ. ಆದರೂ ಇಬ್ಬರೂ ಕಾರಿಡಾರಿನಲ್ಲಿ ಕೂತು ಬೀನ್ಸ್ ಮುರಿಯುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು.

ಕಾಂಡೊದ ಆಡಳಿತ ನೋಡಿಕೊಳ್ಳಲು ಮನೆ ಮಾಲೀಕರೇ ಆರಿಸುವ ಒಂದು ಕೌನ್ಸಿಲ್ ಇತ್ತು. ವರ್ಷಕ್ಕೊಮ್ಮೆ ನೆಲಮಹಡಿಯ ಹಾಲಿನಲ್ಲಿ ಸಭೆ, ಟೀ, ಕರಿಪಫ್. ಯಾರಿಗೂ ಬೇಡವಾದ ಕೆಲಸವಾದ್ದರಿಂದ ವರ್ಷವರ್ಷವೂ ಲಿಮ್ ಅಂಕಲ್ಲೇ ಚೇರ್ಮನ್. ಆ ವರ್ಷ ಅವರು, ಹಿಂದಿನ ಹುಲ್ಲಿಗೆ ಕಾಂಕ್ರೀಟ್ ಹಾಕಿ ಕಾರ್ ನಿಲ್ಲಿಸುವ ಜಾಗ ಮಾಡುವ ಎಂದು ಹೇಳಿದರು. ಕಾರಿದ್ದವರೆಲ್ಲ ಒಳ್ಳೆಯದಾಯಿತು ಎಂದರು. ಅಪ್ಪನಿಗಿದ್ದದ್ದು ಒಂದು ಸ್ಕೂಟರ್.

ಲಿಫ್ಟಿನ ಬಾಗಿಲಲ್ಲೇ ಇಬ್ಬರಿಗೂ ಹತ್ತಿಕೊಂಡಿತು. ಅವರು ಆಡಿದ್ದು ಅಲ್ಲಿನ ಇಂಗ್ಲಿಷಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಕ್ಕಳು ಎಲ್ಲಿ ಆಡ್ಬೇಕು? ನಿನ್ನ ಲಾರಿ ಅಡಿಯಲ್ಲಾ?" ಎಂದರು ಅಪ್ಪ.

"ಮಕ್ಕಳಿಗೆ ಪಾರ್ಕ್ ಇದೆ ಲಾ. ಲಾರಿಗೆ ಎಲ್ಲಿದೆ?" ಎಂದರು ಲಿಮ್ ಅಂಕಲ್.

"ಹಾಗಾದ್ರೆ ಈ ಸಲ ಎಲೆಕ್ಷನ್‌ಗೆ ನಾನೂ ನಿಲ್ತೇನೆ."

"ನಿಲ್ಲು. ಯಾರು ಓಟು ಹಾಕ್ತಾರೆ ನೋಡುವ."

ಅಲ್ಲಿಂದ ಶುರುವಾಯಿತು. ಎರಡು ಬ್ಲಾಕಿನ ಚುನಾವಣೆಗೆ ಏನು ಮಹಾ ಅಂದುಕೊಳ್ಳಬೇಡಿ. ಅಪ್ಪ ಆಫೀಸಿನಿಂದ ಬಂದವರೇ ಚಪ್ಪಲಿ ಬಿಚ್ಚದೆ ಮನೆ ಮನೆ ಹತ್ತಿದರು. ಲಿಫ್ಟಿನ ಪಕ್ಕ ಅಂಟಿಸಿದ ಅಪ್ಪನ ಕಾಗದ ಬೆಳಗಾಗುವುದರೊಳಗೆ ಹರಿದಿರುತ್ತಿತ್ತು, ಲಿಮ್ ಅಂಕಲ್‌ನ ಕಾಗದ ಮರುದಿನ. ನಾವು ಮಕ್ಕಳೂ ಎರಡು ಪಕ್ಷವಾದೆವು. ಕಾರಿದ್ದವರ ಮನೆಯ ಮಕ್ಕಳು ಆಚೆ, ಇಲ್ಲದವರು ಈಚೆ. ಹುಲ್ಲಿನ ಮೇಲೆ ಆಡುತ್ತಲೇ ಹುಲ್ಲು ಬೇಡ ಎನ್ನುವ ಪಕ್ಷಕ್ಕೆ ಸೇರಬೇಕಾದ ಗತಿ ಹುಯ್ ಮಿನ್‌ಗೆ ಬಂತು.

"ನನಗೂ ಕಾರ್ ಪಾರ್ಕ್ ಬೇಡ ಲಾ. ಆದರೆ ನನ್ನ ಅಪ್ಪ ಅಲ್ವಾ" ಎಂದಳು ಒಂದು ದಿನ.

ನನಗೂ ಒಬ್ಬ ಅಪ್ಪ ಇದ್ದರಲ್ಲ.

ಹಂತಮ್ ಬೋಲಾದಲ್ಲಿ ಪಕ್ಷ ಅನ್ನುವುದೇ ಇಲ್ಲ, ಎಲ್ಲರಿಗೂ ಎಲ್ಲರೂ ಹೊಡೆಯಬಹುದು. ಆ ತಿಂಗಳು ಅದೂ ಕೆಟ್ಟಿತು. ಆಚೆಯವರು ಈಚೆಯವರಿಗೆ ಮಾತ್ರ, ಈಚೆಯವರು ಆಚೆಯವರಿಗೆ ಮಾತ್ರ. ಬೆನ್ನಿಗೆ ಬೀಳುತ್ತಿದ್ದ ಪೆಟ್ಟು ಮುಖಕ್ಕೆ ಬರತೊಡಗಿತು. ಯಾರೋ ಚೆಂಡು ಸೀಳಿ ಒಳಗೆ ಕಲ್ಲು ತುರುಕಿದರು. ಮೂರನೇ ಮಹಡಿಯ ಹುಡುಗನ ಹುಬ್ಬು ಒಡೆದು ಅಂಗಿಯೆಲ್ಲ ರಕ್ತವಾಯಿತು. ಅವನ ಅಮ್ಮ ಕೆಳಗೆ ಬಂದು, ಯಾರು ಎಸೆದದ್ದು ಎಂದು ವಿಚಾರಿಸುವ ಗೋಜಿಗೂ ಹೋಗದೆ, ಸಿಕ್ಕ ಸಿಕ್ಕ ಮಕ್ಕಳಿಗೆಲ್ಲ ಬಾರಿಸಿ ಹೋದಳು. ಒಂದು ಬೆಳಿಗ್ಗೆ ಅಪ್ಪನ ಸ್ಕೂಟರಿನ ಸೀಟು ಉದ್ದಕ್ಕೂ ಸೀಳಿಹೋಗಿತ್ತು. ಒಳಗಿನ ಸ್ಪಂಜು ಹೊರಗೆ ಬಂದಿತ್ತು. ಮಾಡಿದ್ದು ಯಾರೆಂದು ಕೊನೆಗೂ ತಿಳಿಯಲಿಲ್ಲ. ಅಪ್ಪ ಮಾತ್ರ ನೇರ ಲಿಮ್ ಅಂಕಲ್‌ನ ಬಾಗಿಲಿಗೆ ಹೋಗಿ ಕಬ್ಬಿಣದ ಗೇಟನ್ನು ಒದ್ದರು. ಆಮೇಲೆ ಇಬ್ಬರೂ ಮಾತು ಬಿಟ್ಟರು. ಮೀನು, ಗಸಿ ಎಲ್ಲ ನಿಂತಿತು. ಆಮಾ ಮತ್ತು ಅಮ್ಮ ಮಾತ್ರ ಗಂಡಸರಿಲ್ಲದ ಹೊತ್ತು ನೋಡಿ ಬೀನ್ಸ್ ಮುರಿಯುತ್ತಿದ್ದರು.

ಸಭೆ ಇದ್ದದ್ದು ಭಾನುವಾರ ಮಧ್ಯಾಹ್ನ. ಅಂದೇ ಮಹಾನವಮಿ, ಆಯುಧಪೂಜೆ. ಪ್ರತಿ ವರ್ಷ ಅಪ್ಪ ತಮ್ಮ ಸ್ಪ್ಯಾನರು, ಸುತ್ತಿಗೆ, ಅಮ್ಮನ ಹೊಲಿಗೆ ಯಂತ್ರ, ತೆಂಗಿನಕಾಯಿ ಹೆರೆಯುವ ಮಣೆ ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿ, ಕೊನೆಗೆ ಸ್ಕೂಟರಿಗೆ ಹೂ ಹಾಕಿ, ಚಕ್ರದಡಿಗೆ ಲಿಂಬೆಹಣ್ಣು ಇಟ್ಟು, ಮೋರಿಯ ಬದಿಯಲ್ಲಿ ಯಾರಿಗೂ ತೊಂದರೆಯಾಗದ ಹಾಗೆ ಒಂದು ಬೂದುಗುಂಬಳ ಒಡೆಯುತ್ತಿದ್ದರು. ಆ ವರ್ಷ ಹಿಂದಿನ ದಿನವೇ ಟೆಕ್ಕಾ ಮಾರ್ಕೆಟ್ಟಿಗೆ ಹೋಗಿ, ನನ್ನ ಕೈಯಲ್ಲಿ ಎತ್ತಲಾಗದಷ್ಟು ದೊಡ್ಡ ಕಾಯಿ ತಂದಿದ್ದರು.

ಪೂಜೆಯ ತಟ್ಟೆ ಹಿಡಿದುಕೊಂಡು ಕೆಳಗೆ ಇಳಿದಾಗ ಅಮ್ಮ ಹೇಳಿದರು, "ಹಬ್ಬದ ದಿನ ಮನಸ್ಸಲ್ಲಿ ಎಂತದೂ ಇಟ್ಕೊಳ್ಬಾರ್ದು. ಅವರ ಲಾರಿಗೂ ಒಂದು ಬೊಟ್ಟು ಇಡಿ."

"ಅವನಿಗಾ? ಎಂತಕ್ಕೆ?"

"ಲಾರಿ ಎಂತ ಮಾಡಿದೆ ನಿಮಗೆ? ಅದರಿಂದಲ್ವಾ ಅವರ ಮನೆಯ ಅನ್ನ. ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಇಡಿ."

ಅಪ್ಪ ತಟ್ಟೆ ತೆಗೆದುಕೊಂಡು ಲಾರಿಯ ಹತ್ತಿರ ಹೋದರು. ಅವರ ಸಿಟ್ಟು ಏರಿದಷ್ಟೇ ಬೇಗ ಇಳಿಯುತ್ತಿತ್ತು ಕೂಡ. ಇಳಿದರೆ ಮತ್ತೆ ಕೈ ಬಿಗಿ ಇಲ್ಲ. ಬೊಟ್ಟು ಒಂದು ಹೇಳಿದರೆ ಲಾರಿಯ ಬಂಪರಿಗೆ ಉದ್ದಕ್ಕೂ ಕುಂಕುಮ ಹಚ್ಚಿದರು. ನಾಲ್ಕೂ ಚಕ್ರದಡಿಗೆ ಲಿಂಬೆಹಣ್ಣು ಇಟ್ಟರು. ಕನ್ನಡಿಗೆ ಚೆಂಡುಹೂವಿನ ಮಾಲೆ ಕಟ್ಟಿದರು. ಆಮೇಲೆ, ಸ್ಕೂಟರಿಗೆಂದು ತಂದ ಕಾಯಿಗೆ ತೂತು ಕೊರೆದು ಕುಂಕುಮದ ನೀರು ತುಂಬಿ, ಮೇಲೆ ಕರ್ಪೂರ ಹಚ್ಚಿ, ಲಾರಿಗೇ ಮೂರು ಸುತ್ತು ನಿವಾಳಿಸಿ, ಅದರ ಮುಂದೆಯೇ ನೆಲಕ್ಕೆ ಅಪ್ಪಳಿಸಿದರು. ಕಾಯಿ ಒಡೆದು ಕೆಂಪು ನೀರು ಲಾರಿಯ ಮುಖಕ್ಕೂ ಗೋಡೆಗೂ ಸಿಡಿಯಿತು. ಅಪ್ಪನ ಮುಖದಲ್ಲಿ ತಿಂಗಳ ಮೇಲೆ ಒಂದು ನಗು ಕಂಡೆ.

"ನೋಡಿದ್ಯಾ, ಎಲ್ಲ ದೃಷ್ಟಿ ಹೋಯ್ತು. ಈಗ ಯಾರು ಗೆದ್ರೂ ಒಂದೇ" ಎಂದರು ನನಗೆ.

"ಗುಡಿಸಿ ಬದಿಗೆ ಹಾಕುವ" ಎಂದರು ಅಮ್ಮ.

"ಒಡೆದ ಕೂಡಲೇ ಗುಡಿಸ್ಬಾರ್ದು. ತಿಂಡಿ ತಿಂದು ಬರುವ."

ನಾವು ಮೇಲೆ ಹೋಗಿ ನೀರುದೋಸೆ, ಕಡಲೆಬೇಳೆ ಪಾಯಸಕ್ಕೆ ಕೂತೆವು. ಎರಡನೇ ದೋಸೆ ಮುಗಿದಿರಲಿಲ್ಲ, ಕೆಳಗಿನಿಂದ ಬೊಬ್ಬೆ ಕೇಳಿಸಿತು. ಹಿಂದೆಂದೂ ಕೇಳದ ಸ್ವರ ಅದು. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಲಾರಿಯ ಮುಂದೆ, ಒಡೆದ ಕಾಯಿಯ ನಡುವೆ, ಆಮಾ ಬಿದ್ದಿದ್ದರು. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಕೈಯಲ್ಲಿ ಬೂದುಗುಂಬಳದ ಒಂದು ದೊಡ್ಡ ಹೋಳು. ಚೀನೀ ಮನೆಗಳಲ್ಲಿ ಅದರ ಸೂಪ್ ಮಾಡುತ್ತಾರೆ. ಅಷ್ಟು ಒಳ್ಳೆಯ ಕಾಯಿಯನ್ನು ಯಾರೋ ನೆಲದ ಪಾಲು ಮಾಡಿದ್ದನ್ನು ಕಂಡು, ಚೆನ್ನಾಗಿದ್ದ ಹೋಳನ್ನು ಎತ್ತಿಕೊಳ್ಳಲು ಬಗ್ಗಿ ತಿರುಳಿನ ಮೇಲೆ ಜಾರಿದ್ದರು.

ಅಪ್ಪ ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಲಿಮ್ ಅಂಕಲ್ ಅಲ್ಲಿದ್ದರು. ಮೊದಲು ತಾಯಿಯನ್ನು ನೋಡಿದರು, ಆಮೇಲೆ ಲಾರಿಯನ್ನು. ಯಾರನ್ನಾದರೂ ಹೆದರಿಸಬೇಕಾದರೆ ಬಾಗಿಲಿಗೆ ಕೆಂಪು ಬಣ್ಣ ಎರಚಿ ಹೋಗುವವರಿದ್ದ ಊರು ಅದು. ಆ ಕೆಂಪು, ಚಕ್ರದಡಿಯ ಹಣ್ಣು, ಕನ್ನಡಿಗೆ ಕಟ್ಟಿದ ಹೂವು ಇವೆಲ್ಲ ಚುನಾವಣೆಯ ಬೆಳಿಗ್ಗೆ ಅವರಿಗೆ ಹೇಗೆ ಕಂಡಿರಬೇಕೆಂದು ಈಗ ನನಗೆ ಅರ್ಥವಾಗುತ್ತದೆ. ಆಗ ಆಂಬುಲೆನ್ಸಿನ ಸದ್ದಿನಲ್ಲಿ ಅಪ್ಪ ಹೇಳಲು ಹೊರಟದ್ದು ಯಾರಿಗೂ ಕೇಳಿಸಲಿಲ್ಲ.

ಸಭೆ ಮುಂದಕ್ಕೆ ಹೋಗಬಹುದೆಂದು ಎಲ್ಲರೂ ಅಂದುಕೊಂಡಿದ್ದರು. ಲಿಮ್ ಅಂಕಲ್ ಆಸ್ಪತ್ರೆಯಿಂದ ನೇರ ಹಾಲಿಗೆ ಬಂದರು, ಹಿಂದೆಯೇ ಹುಯ್ ಮಿನ್. ಅವಳ ಕಣ್ಣು ಊದಿತ್ತು. ಟೀಯ ದೊಡ್ಡ ಪಾತ್ರೆ, ಕರಿಪಫ್ಫಿನ ತಟ್ಟೆಗಳು, ಸಾಲಾಗಿ ಇಟ್ಟ ಮಡಚುವ ಕುರ್ಚಿಗಳು. ಅಪ್ಪ ಎದ್ದು ಎದುರಿಗೆ ಹೋದರು.

"ಕೇಳು. ಅದು ಪೂಜೆ. ನಿನ್ನ ಲಾರಿಗೆ ಒಳ್ಳೇದಾಗ್ಲಿ ಅಂತ ನಾನು ಪ್ರಾರ್ಥನೆ ಮಾಡಿದ್ದು."

"ನನ್ನ ಅಮ್ಮನ ಸೊಂಟ ಮುರಿದಿದೆ. ಇದೇನಾ ನಿನ್ನ ಪ್ರಾರ್ಥನೆ?"

"ನಾನು ನಿನಗೋಸ್ಕರ..."

ಮಾತು ಮುಗಿಯಲಿಲ್ಲ. ಲಿಮ್ ಅಂಕಲ್ ಅಪ್ಪನ ಕೆನ್ನೆಗೆ ಬಾರಿಸಿದರು. ಅಪ್ಪ ಸುಮ್ಮನೆ ನಿಂತರು. ನಿಂತಿದ್ದಾರೆ, ಹಾಗೆಯೇ ನಿಲ್ಲುತ್ತಾರೆ ಅಂದುಕೊಂಡೆ. ಎರಡನೇ ಪೆಟ್ಟು ಬಾಯಿಗೆ ಬಿದ್ದು ತುಟಿ ಒಡೆಯಿತು. ಆಗ ಅಪ್ಪ ಪಕ್ಕದ ಕುರ್ಚಿ ಎತ್ತಿ ಬೀಸಿದರು. ಕಬ್ಬಿಣದ ಅಂಚು ಲಿಮ್ ಅಂಕಲ್‌ನ ಹಣೆಗೆ ತಾಗಿದ ಸದ್ದು ಇಡೀ ಹಾಲಿಗೆ ಕೇಳಿಸಿತು. ಅವರು ನಿಂತಲ್ಲೇ ಕುಸಿದರು, ಕಣ್ಣಿನ ಮೇಲೆ ರಕ್ತ ಇಳಿಯಿತು. ಆದರೂ ಅಪ್ಪನ ಕಾಲು ಹಿಡಿದು ಎಳೆದು ಕೆಡವಿದರು. ಇಬ್ಬರೂ ಹೊರಳಾಡಿ ಮೇಜಿಗೆ ಬಡಿದರು, ಟೀಯ ಪಾತ್ರೆ ಉರುಳಿ ಬಿಸಿ ಟೀ ಇಬ್ಬರ ಮೇಲೂ ಸುರಿಯಿತು. ಬಿಡಿಸಲು ಬಂದವರಿಗೂ ಪೆಟ್ಟು ಬಿತ್ತು, ಬಿಡಿಸಲು ಬಂದವರಲ್ಲೇ ಎರಡು ಪಕ್ಷವಾಗಿ ಅಲ್ಲಲ್ಲಿ ಬೇರೆ ಜಗಳ ಹತ್ತಿಕೊಂಡಿತು. ತಿಂಗಳಿಡೀ ನಗುತ್ತ ಓಟು ಕೇಳಿದ ದೊಡ್ಡವರು ಒಬ್ಬರ ಕಾಲರನ್ನು ಒಬ್ಬರು ಹಿಡಿದಿದ್ದರು.

ಅಪ್ಪ ಮೇಲಾದಾಗ ಹುಯ್ ಮಿನ್ ಓಡಿ ಬಂದು ಅಪ್ಪನ ಮಣಿಕಟ್ಟಿಗೆ ಹಲ್ಲು ಹಾಕಿದಳು. ಅಪ್ಪ ಕೈ ಕೊಡವಿದರು. ಅವಳು ಗೋಡೆಗೆ ಬಡಿದು ಬಿದ್ದಳು. ಎದ್ದು ಮತ್ತೆ ಬಂದಳು. ನಾನು ಅಡ್ಡ ಹೋದೆ. ಅವಳು ನನ್ನ ಜಡೆ ಹಿಡಿದಳು, ನಾನು ಅವಳ ಮುಖ ಪರಚಿದೆ. ನಾವಿಬ್ಬರೂ ಅಷ್ಟು ವರ್ಷ ಒಬ್ಬರಿಗೊಬ್ಬರು ಹೊಡೆದುಕೊಂಡು ಬೆಳೆದವರು. ಆದರೂ ಅಂದಿನ ಪೆಟ್ಟು ಹೊಸದಾಗಿತ್ತು. ಅದರಲ್ಲಿ ನೋವಾಗಲಿ ಎಂಬ ಆಸೆ ಇತ್ತು. ನನಗೆ ಅವಳ ಮೇಲೆ, ಅವಳಿಗೆ ನನ್ನ ಮೇಲೆ. ಯಾರೋ ನಮ್ಮನ್ನು ಎಳೆದು ಬೇರೆ ಮಾಡಿದಾಗ ನನ್ನ ಕೂದಲು ಅವಳ ಬೆರಳಲ್ಲಿತ್ತು.

ಪೊಲೀಸರು ಬಂದರು. ಅಪ್ಪನನ್ನೂ ಲಿಮ್ ಅಂಕಲ್‌ನನ್ನೂ ಕರೆದುಕೊಂಡು ಹೋದರು, ಹೊಲಿಗೆ ಹಾಕಿಸಿ, ಬುದ್ಧಿ ಹೇಳಿ ಸಂಜೆಗೆ ಬಿಟ್ಟರು. ಅಷ್ಟರಲ್ಲಿ ಹಾಲಿನಲ್ಲಿ ಉಳಿದವರು ಟೀ ಒರೆಸಿ ಚುನಾವಣೆ ಮುಗಿಸಿದ್ದರು. ಅಪ್ಪನೂ ಇಲ್ಲ, ಲಿಮ್ ಅಂಕಲ್ಲೂ ಇಲ್ಲ. ಅದುವರೆಗೆ ಬಾಯಿ ತೆರೆಯದ ಮೂವರು ಸಭ್ಯರು ಆರಿಸಿ ಬಂದರು. ಜಗಳಕ್ಕೆ ಕಾರಣವಾದ ಜಾಗ ಅಂತ ಹುಲ್ಲಿಗೆ ಕಾಂಕ್ರೀಟ್ ಹಾಕಲಿಲ್ಲ. ಅದೇ ಕಾರಣಕ್ಕೆ ಸುತ್ತ ಬೇಲಿ ಹಾಕಿ, ಇಲ್ಲಿ ಚೆಂಡಾಟ ಆಡಬಾರದು ಎಂದು ಬೋರ್ಡು ನೆಟ್ಟರು. ಹುಲ್ಲು ಉಳಿಯಿತು. ಅಪ್ಪ ಗೆದ್ದ ಹಾಗೆ ಆಯಿತು ಎಂದು ಯಾರೋ ತಮಾಷೆಗೆ ಹೇಳಿದ್ದಕ್ಕೆ ಅಪ್ಪ ಊಟದ ತಟ್ಟೆಯನ್ನು ಗೋಡೆಗೆ ಎಸೆದರು. ಸಾರು ಗೋಡೆಯಲ್ಲಿ ಇಳಿದು ಒಣಗುವವರೆಗೂ ಯಾರೂ ಒರೆಸಲಿಲ್ಲ.

ಅಮ್ಮ ಆಸ್ಪತ್ರೆಗೆ ಗಂಜಿ ತೆಗೆದುಕೊಂಡು ಹೋದರು. ಆಮಾ ಅಮ್ಮನ ಕೈ ಹಿಡಿದುಕೊಂಡು ಅತ್ತರಂತೆ. ಅಪ್ಪನೂ ಒಂದು ದಿನ ಹೋದರು. ವಾರ್ಡಿನ ಹೊರಗೆ ಬೆಂಚಿನಲ್ಲಿ ಲಿಮ್ ಅಂಕಲ್ ಇದ್ದರು, ಹಣೆಗೆ ಪಟ್ಟಿ. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತರು. ಆಯುಧಪೂಜೆ ಅಂದರೇನೆಂದು ಅಷ್ಟು ಹೊತ್ತಿಗೆ ನಮ್ಮ ಬ್ಲಾಕಿನ ತಮಿಳು ಅಂಕಲ್ ಒಬ್ಬರು ಲಿಮ್ ಅಂಕಲ್‌ಗೆ ಹೇಳಿದ್ದರು.

"ನೀನು ಒಳ್ಳೇದಕ್ಕೇ ಮಾಡಿದ್ದು. ನಂಬ್ತೇನೆ" ಎಂದರಂತೆ ಲಿಮ್ ಅಂಕಲ್. "ಆದರೆ ಅಮ್ಮ ಇನ್ನು ನಡೆಯೋದಿಲ್ಲ."

ಅಪ್ಪ ಮನೆಗೆ ಬಂದು ಬೆತ್ತವನ್ನು ಫ್ರಿಜ್ಜಿನ ಮೇಲಿನಿಂದ ತೆಗೆದು ಮೊಣಕಾಲಿಗೆ ಒತ್ತಿ ಮುರಿದು, ಕಸ ಕೆಳಗೆ ಬೀಳುವ ಕೊಳವೆಗೆ ಹಾಕಿದರು. ಆಮೇಲೆ ನನಗೆ ಒಂದು ಪೆಟ್ಟೂ ಬೀಳಲಿಲ್ಲ. ಬೂದುಗುಂಬಳವನ್ನೂ ಅವರು ಮತ್ತೆ ಒಡೆಯಲಿಲ್ಲ.

ಆಮಾಳ ಗಾಲಿಕುರ್ಚಿಗೆ ನಮ್ಮ ಲಿಫ್ಟನ್ನು ನಂಬುವಂತಿರಲಿಲ್ಲ. ಲಿಮ್ ಅಂಕಲ್‌ನ ಮನೆಯವರು ಊರಿನ ಉತ್ತರಕ್ಕಿರುವ ಯಿಶುನ್‌ಗೆ ಶಿಫ್ಟ್ ಆದರು. ಹೊರಡುವ ದಿನ ನಾನು ಬೇಲಿ ಹಾರಿ ಹುಲ್ಲಿನೊಳಗೆ ನಿಂತಿದ್ದೆ. ಕೈಯಲ್ಲಿ ಮೋರಿಯ ನೀರು ತೊಟ್ಟಿಕ್ಕುವ ಚೆಂಡಿತ್ತು. ಹುಯ್ ಮಿನ್ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ಲಾರಿಯ ಕಡೆಗೆ ಹೋಗುತ್ತಿದ್ದಳು. ಕೆನ್ನೆಯ ಮೇಲೆ ನನ್ನ ಉಗುರಿನ ಗೆರೆ ಇನ್ನೂ ಮಾಸಿರಲಿಲ್ಲ. ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಇದ್ದ ಬಲವನ್ನೆಲ್ಲ ಹಾಕಿ ಅವಳ ಬೆನ್ನಿಗೆ ಬಾರಿಸಿದೆ.

ಪೆಟ್ಟು ಸರಿಯಾಗಿ ಬಿತ್ತು. ಅವಳು ನಿಂತಳು. ಪೆಟ್ಟಿಗೆ ಕೆಳಗಿಟ್ಟು ಚೆಂಡನ್ನು ಎತ್ತಿಕೊಂಡಳು, ಎಡಗೈಯಲ್ಲೇ. ನಾನು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತೆ. ಬಹಳ ಹೊತ್ತು ನಿಂತೆ ಅನ್ನಿಸಿತು. ಹತ್ತಿರ ಹೆಜ್ಜೆಯ ಸದ್ದಾಯಿತು. ಕಣ್ಣು ಬಿಟ್ಟರೆ ಅವಳು ಬೇಲಿಯ ಆಚೆಯಿಂದ ಚೆಂಡನ್ನು ನನ್ನ ಕೈಗೆ ಕೊಡುತ್ತಿದ್ದಳು.

"ಎಕ್ಸ್‌ಕ್ಯೂಸ್ ಮೀ. ನಿಮ್ಮ ಚೆಂಡು" ಎಂದಳು ಇಂಗ್ಲಿಷಿನಲ್ಲಿ, ಲಾ ಇಲ್ಲದೆ, ಅಂಗಡಿಯಲ್ಲಿ ಗುರುತಿಲ್ಲದವರ ಹತ್ತಿರ ಮಾತಾಡುವ ಹಾಗೆ.

ಈಗ ನಾನು ಸಿಂಗಪುರದಲ್ಲೇ, ವುಡ್‌ಲ್ಯಾಂಡ್ಸ್‌ನ ಒಂದು ಕಾಂಡೊದಲ್ಲಿದ್ದೇನೆ. ಕಲ್ಲಾಂಗ್‌ನ ಆ ಬ್ಲಾಕ್‌ಗಳನ್ನು ಕೆಡವಿ ಎತ್ತರದ ಕಟ್ಟಡ ಎಬ್ಬಿಸಿದ್ದಾರೆ, ಆ ಹುಲ್ಲು ಎಲ್ಲಿತ್ತು ಎಂದು ತೋರಿಸಲು ನನಗೇ ಬರುವುದಿಲ್ಲ. ನಮ್ಮ ಕೌನ್ಸಿಲ್‌ಗೆ ಈಗಲೂ ಚುನಾವಣೆ ಆಗುತ್ತದೆ, ಯಾರು ನಿಂತರು, ಯಾರು ಗೆದ್ದರು ಎಂದು ಮೊಬೈಲಿಗೆ ಮೆಸೇಜ್ ಬರುತ್ತದೆ. ನನ್ನ ಮಗಳಿಗೆ ಯಾರೂ ಕೈ ಮಾಡಿದ್ದಿಲ್ಲ, ಅವಳು ಯಾರ ಮೇಲೂ ಕೈ ಎತ್ತಿದವಳಲ್ಲ. ಅದು ಒಳ್ಳೆಯದೇ. ಒಬ್ಬ ಮುದುಕಿಯ ನಡಿಗೆ ಕಳೆದ ಆ ಸಿಟ್ಟು ಯಾರಿಗೂ ಬೇಡ. ಆದರೆ ನನ್ನ ಮಗಳಿಗೆ ಎದುರು ಮನೆಯ ಹುಡುಗಿಯ ಹೆಸರು ಗೊತ್ತಿಲ್ಲ. ಇಬ್ಬರೂ ಲಿಫ್ಟಿನಲ್ಲಿ ನಕ್ಕು, ಸರಿದು ಜಾಗ ಬಿಡುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಬೇಲಿಯಾಚೆಯ ಆ ಸಭ್ಯವಾದ ಮಾತು ಕೇಳಿಸುತ್ತದೆ. ಅಂದು ಹುಯ್ ಮಿನ್ ಆ ಎಡಗೈಯಿಂದ ಒಂದೇ ಒಂದು ಸಲ ಬಾರಿಸಿ ಹೋಗಿದ್ದರೆ ಸಾಕಿತ್ತು. ನೋವಾಯಿತು ಅಂತ ಅತ್ತು ಮುಗಿಸಿಬಿಡುತ್ತಿದ್ದೆ.